ಹಸಿವಿನ ನಡಿಗೆ ಅಕ್ಟೋಬರ್‌ನಲ್ಲಿ ಬೇಡ, ಫೆಬ್ರುವರಿಯಲ್ಲಿರಲಿ

ಮಾನ್ಯರೇ,

ಅಕ್ಟೋಬರ್ 16 ವಿಶ್ವ ಆಹಾರ ದಿನ. ಅದರ ಆಸುಪಾಸಿನಲ್ಲಿ ಹಸಿವು, ಬಡತನದ ವಿರುದ್ಧ ನಡಿಗೆ ಏರ್ಪಡಿಸಿ ನಿಧಿ ಕೂಡಿಸುವ ಯೋಚನೆ ಸಂಘ-ಸಂಸ್ಥೆಗಳಿಗೆ, ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳಿಗೆ ಬರುವುದು ಸಹಜ. ಯೋಚನೆ ಒಳ್ಳೆಯದೇ. ಆದರೆ ಕೊಡಗಿನ ಮಟ್ಟಿಗೆ ತಿಂಗಳು ತಪ್ಪು. ಇಲ್ಲಿನ ತೋಟ ಕಾರ್ಮಿಕರ ಲೈನ್ ಮನೆಗಳಲ್ಲಿ, ಗಿರಿಜನರ ಹಾಡಿಗಳಲ್ಲಿ ಪಾತ್ರೆ ಬರಿದಾಗುವುದು ಜೂನ್‌ನಿಂದ ಆಗಸ್ಟ್‌ವರೆಗೆ. ನಡು ಮಳೆಗಾಲದ ಕಕ್ಕಡ ತಿಂಗಳ ಮಳೆ ಹಿಡಿದರೆ ತೋಟದ ಕೆಲಸ ದಿನಗಟ್ಟಲೆ ನಿಲ್ಲುತ್ತದೆ, ಕೆಲಸವಿಲ್ಲದ ದಿನಕ್ಕೆ ಕೂಲಿಯಿಲ್ಲ. ಇನ್ನು ಅಕ್ಟೋಬರ್ ಎಂದರೆ ಕಾಫಿ ಕೊಯ್ಲಿಗೆ ಮುಂಚಿನ ಕಾಲ, ಬೆಳೆಗಾರರ ಕೈಯೂ ಬರಿದೇ. ಅರೇಬಿಕಾ ಮುಗಿದು ರೊಬಸ್ಟಾ ಕಣದಲ್ಲಿ ಒಣಗುತ್ತಿರುವ ಫೆಬ್ರುವರಿ ಕೊನೆಯಲ್ಲಿ ಹಣ ಓಡಾಡುತ್ತದೆ, ರಸ್ತೆಯೂ ಒಣಗಿರುತ್ತದೆ. ಆಗ ನಡೆದು, ಮೇ ಕೊನೆಯೊಳಗೆ ಸಾಮಾನು ಮನೆ ಸೇರಿಸುವುದೇ ಸರಿಯಾದ ಲೆಕ್ಕ.

ಹಣ ತರುವುದು ನಡಿಗೆಯಲ್ಲ, ನಡಿಗೆಗೆ ಮುಂಚಿನ ಮೂರು ವಾರ. 1969ರಲ್ಲಿ ಅಮೆರಿಕದ ಬಿಸ್ಮಾರ್ಕ್‌ನಲ್ಲಿ ಶುರುವಾದ, ಹಸಿವಿನ ವಿರುದ್ಧದ ‘ಕ್ರಾಪ್’ ನಡಿಗೆಗಳು ಇಷ್ಟು ವರ್ಷ ಉಳಿದಿರುವುದಕ್ಕೆ ಒಂದು ಕಾರಣ ಇದೇ: ನಡೆಯುವವರು ತಮ್ಮ ಪರಿಚಯದವರಲ್ಲಿ ಮೊದಲೇ ಹಣದ ಮಾತು ಪಡೆದಿರುತ್ತಾರೆ. ಕೂಡಿದ್ದರಲ್ಲಿ ಕಾಲುಭಾಗದವರೆಗೆ ಆ ಊರಿನ ಹಸಿದವರಿಗೇ ಮೀಸಲಿಡುವ ಪದ್ಧತಿಯೂ ಅಲ್ಲಿದೆ. ನಮ್ಮಲ್ಲಿ 300 ಮಂದಿ ನಡೆದು, ಪ್ರತಿಯೊಬ್ಬರೂ ಹತ್ತು ಜನರಿಂದ ನೂರು ನೂರು ರೂಪಾಯಿ ಬರೆಸಿಕೊಂಡರೆ 3 ಲಕ್ಷ. ‘ಕಿಲೋಮೀಟರಿಗೆ ಇಷ್ಟು’ ಎಂದು ಬರೆಸಿದರೆ ನಡಿಗೆ ಮುಗಿದ ಮೇಲೆ ಮತ್ತೆ ಮನೆಮನೆ ಅಲೆಯಬೇಕು, ಮಾತು ಕೊಟ್ಟವರೂ ಮರೆತಿರುತ್ತಾರೆ. ಬರೆಸಿದ ದಿನವೇ ಪೂರ್ತಿ ಮೊತ್ತ ಪಡೆದು ರಸೀದಿ ಹರಿದು ಕೊಡಿ. ಕ್ಯೂಆರ್ ಕೋಡ್ ಸಂಸ್ಥೆಯ ಖಾತೆಯದ್ದೇ ಆಗಿರಬೇಕು. ಕಾರ್ಯದರ್ಶಿಯ ಸ್ವಂತ ಫೋನಿನದ್ದಾದರೆ, ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ, ಅನುಮಾನ ಅಲ್ಲಿಂದಲೇ ಹುಟ್ಟುತ್ತದೆ. 80ಜಿ ನೋಂದಣಿ ಇರುವ ಸಂಸ್ಥೆಗೆ ಕೊಟ್ಟರೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಸಿಗದು. ದೊಡ್ಡ ಬೆಳೆಗಾರರಿಗೆ ಇದನ್ನು ಮೊದಲೇ ತಿಳಿಸಿದರೆ ಚೆಕ್ ಬರೆದುಕೊಡುತ್ತಾರೆ.

ಟೀ ಶರ್ಟ್ ಬೇಡವೇ ಬೇಡ. ಒಂದಕ್ಕೆ 200 ರೂಪಾಯಿಯಂತೆ 300 ಜನಕ್ಕೆ 60 ಸಾವಿರ, ಅಂದರೆ 60 ಮನೆಗಳ ಒಂದು ತಿಂಗಳ ಬೇಳೆ-ಎಣ್ಣೆ.

ಗೋಣಿಕೊಪ್ಪ, ಸಿದ್ದಾಪುರಗಳಲ್ಲಿ ಭಾನುವಾರ ಸಂತೆ. ಅಂದು ನಡಿಗೆ ಇಟ್ಟರೆ ಜೀಪು, ಪಿಕಪ್‌ಗಳ ನಡುವೆ ಮಕ್ಕಳನ್ನು ನಡೆಸಬೇಕಾಗುತ್ತದೆ. ಮಡಿಕೇರಿಯದ್ದು ಶುಕ್ರವಾರ, ವಿರಾಜಪೇಟೆಯದ್ದು ಬುಧವಾರ. ಮಾಲ್ದಾರೆ, ತಿತಿಮತಿ ಕಡೆ ಬೆಳಗ್ಗೆ ಎಂಟಕ್ಕೆ ಮುಂಚೆ ತೋಟದ ದಾರಿಗೆ ಇಳಿಯಲೇಬಾರದು. ರಾತ್ರಿ ತೋಟಕ್ಕೆ ಬಂದ ಆನೆ ಇನ್ನೂ ಕಾಫಿ ಗಿಡಗಳ ನಡುವೆಯೇ ನಿಂತಿರಬಹುದು. ಹಿಂದಿನ ಸಂಜೆ ಒಮ್ಮೆ, ಅಂದು ಬೆಳಗ್ಗೆ ಮತ್ತೊಮ್ಮೆ ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೊರಡಿ. ಐದು ಕಿಲೋಮೀಟರ್ ಸಾಕು. ಪೊಲೀಸ್ ಅನುಮತಿ, ಎರಡು ಕಡೆ ನೀರು, ಹಿಂದೆ ಒಂದು ವಾಹನ ಇರಲಿ.

ಈಗ ಮುಖ್ಯ ಮಾತು, ಚೀಲದೊಳಗೆ ಏನಿರಬೇಕು. ಪಡಿತರ ಚೀಟಿ ಇದ್ದವರಿಗೆ ನ್ಯಾಯಬೆಲೆ ಅಂಗಡಿಯಿಂದ ಅಕ್ಕಿ ಹೇಗೋ ಬರುತ್ತದೆ, ಕೊರತೆ ಬೀಳುವುದು ಬೇಳೆ ಮತ್ತು ಎಣ್ಣೆ. ಆದರೂ ಜನ ಅಕ್ಕಿಯನ್ನೇ ಹಂಚುತ್ತಾರೆ. ನಾಲ್ವರ ಮನೆಗೆ ತಿಂಗಳಿಗೆ ತೊಗರಿಬೇಳೆ 3 ಕೆ.ಜಿ., ಹೆಸರುಕಾಳು 2 ಕೆ.ಜಿ., ಎಣ್ಣೆ 2 ಲೀಟರ್, ಬೆಲ್ಲ 1 ಕೆ.ಜಿ., ಅಯೋಡಿನ್ ಉಪ್ಪು 1 ಕೆ.ಜಿ. ಕೊಡಿ. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಮೇಲೆ ಹೇಳಿದ 3 ಲಕ್ಷದಲ್ಲಿ ನೂರು ಮನೆಗಳು ಮೂರು ತಿಂಗಳ ಮಳೆ ಕಳೆಯುತ್ತವೆ. ಹಾಡಿಯವರಿಗೆ ಕಣಿಲೆ, ಕೆಸ, ಅಣಬೆ ಎಲ್ಲಿ ಸಿಗುತ್ತದೆಂದು ನಾವು ಹೇಳಿಕೊಡಬೇಕಿಲ್ಲ. ಅದರ ಜೊತೆಗೆ ಬೇಳೆ ಸಿಕ್ಕರೆ ಊಟ ಪೂರ್ಣವಾಗುತ್ತದೆ. ಹಿಟ್ಟು ಮಾತ್ರ ಕೊಡಬೇಡಿ, ರಾಗಿಯದ್ದಾಗಲಿ ಗೋಧಿಯದ್ದಾಗಲಿ. ಜುಲೈಯ ಥಂಡಿಗೆ ಎರಡೇ ವಾರದಲ್ಲಿ ಗಂಟುಕಟ್ಟಿ ಹಳಸಲು ವಾಸನೆ ಬರುತ್ತದೆ. ದಾಸ್ತಾನನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ಅರ್ಧ ಅಡಿ ದೂರ ಜೋಡಿಸಿ. ಬೇಳೆಯನ್ನು ಖರೀದಿಸಿದ ವಾರವೇ ಬಿಸಿಲಿಗೆ ಹಾಕಿ ಕಟ್ಟಿಡಿ, ಇಲ್ಲದಿದ್ದರೆ ಹುಳು ಗ್ಯಾರಂಟಿ.

ಮೂರು ತಿಂಗಳದ್ದನ್ನು ಒಟ್ಟಿಗೇ ಕೊಟ್ಟರೆ ಲೈನ್ ಮನೆಯ ಒಂದೇ ಕೋಣೆಯಲ್ಲಿ ಇಡಲು ಜಾಗವಿರುವುದಿಲ್ಲ. ಮೊದಲ ತಿಂಗಳದ್ದು ಮನೆಗೆ ಹೋಗಲಿ, ಉಳಿದ ಎರಡಕ್ಕೆ ಹತ್ತಿರದ ದಿನಸಿ ಅಂಗಡಿಯ ಚೀಟಿ ಕೊಡಿ. ಚೀಟಿ ಇದ್ದರೆ ಅವರೂ ಎಲ್ಲರಂತೆ ಅಂಗಡಿಗೆ ಹೋಗಿ ಸಾಮಾನು ತರುತ್ತಾರೆ, ಸಾಲಿನಲ್ಲಿ ನಿಂತು ಫೋಟೊಗೆ ಮುಖ ಕೊಡಬೇಕಾಗಿಲ್ಲ. ಚೀಲ ಹಿಡಿದ ತಾಯಿಯ ಚಿತ್ರ ಪತ್ರಿಕೆಗೆ ಕಳಿಸುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು.

ಯಾರಿಗೆ ಕೊಡುವುದು ಎಂಬ ಪಟ್ಟಿಯನ್ನು ಐಟಿಡಿಪಿ (ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆ) ಕಚೇರಿಯ ಪೌಷ್ಟಿಕ ಆಹಾರದ ಪಟ್ಟಿಯೊಂದಿಗೆ ತಾಳೆ ನೋಡಿ. ಅದರಲ್ಲಿರುವ ಜೇನುಕುರುಬ, ಎರವ ಕುಟುಂಬಗಳಿಗೇ ಮತ್ತೆ ಕೊಡುವ ಬದಲು, ಹೊರರಾಜ್ಯಗಳಿಂದ ಬಂದು ಲೈನ್ ಮನೆಯಲ್ಲಿರುವವರನ್ನು, ಪಡಿತರ ಚೀಟಿಯೇ ಇಲ್ಲದವರನ್ನು ಹುಡುಕಬೇಕು. ಹೊರರಾಜ್ಯದವರ ಬಳಿ ಅವರ ಊರಿನ ಪಡಿತರ ಚೀಟಿ ಇದ್ದರೆ, ‘ಒಂದು ರಾಷ್ಟ್ರ, ಒಂದು ಪಡಿತರ ಚೀಟಿ’ ಯೋಜನೆಯಲ್ಲಿ ಇಲ್ಲಿಯೇ ಅಕ್ಕಿ ಪಡೆಯಬಹುದು. ಎಷ್ಟೋ ಜನರಿಗೆ ಇದು ಗೊತ್ತಿಲ್ಲ. ಗೊತ್ತಿದ್ದವರದ್ದೂ ಕಾಫಿ ಕೊಯ್ದು, ಕತ್ತಿ ಹಿಡಿದು ಸವೆದ ಬೆರಳು. ನ್ಯಾಯಬೆಲೆ ಅಂಗಡಿಯ ಬೆರಳಚ್ಚು ಯಂತ್ರ ಗುರುತು ಹಿಡಿಯದೆ ಬರಿಗೈಯಲ್ಲಿ ಮರಳುತ್ತಾರೆ. ಮಾರ್ಚ್, ಏಪ್ರಿಲ್‌ನಲ್ಲೇ ಇಬ್ಬರು ಸ್ವಯಂಸೇವಕರು ಅವರ ಜೊತೆ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು, ಮೊಬೈಲ್ ಸಂಖ್ಯೆ ಸರಿಪಡಿಸಿಕೊಂಡು ಬರಬೇಕು. ಜುಲೈಯಲ್ಲಿ ಮರ ಬಿದ್ದು, ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲದಿರುವಾಗ ಈ ಕೆಲಸ ಆಗುವುದಿಲ್ಲ.

— ಓದುಗರು, ಪೊನ್ನಂಪೇಟೆ