ಏನೂ ಆಗಲಿಲ್ಲ ಎಂದು ಬರೆದ ಮಗನಿಗೆ

ಚಿರಂಜೀವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಊರಿನ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳಾದ್ದರಿಂದ ಅದನ್ನು ಬಿಟ್ಟು, ನಿನ್ನ ಪತ್ರದ ಒಂದು ಸಾಲಿಗಾಗಿ ಮಾತ್ರ ಇದನ್ನು ಬರೆಯುತ್ತಿದ್ದೇನೆ. ಕಾರಿನಲ್ಲಿ ಕಚೇರಿಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತು, ಬೈಕಿನಲ್ಲಿ ಮುಕ್ಕಾಲು ಗಂಟೆ ಸಾಕು ಎಂದು ಬರೆದು, "ಮೊನ್ನೆ ಮಳೆಯಲ್ಲಿ ಸಿಗ್ನಲ್ ಹತ್ತಿರ ಬಿಳಿ ಪಟ್ಟೆಯ ಮೇಲೆ ಸ್ವಲ್ಪ ಜಾರಿತು, ಏನೂ ಆಗಲಿಲ್ಲ" ಎಂದಿದ್ದೀಯೆ. ಅದರ ಮುಂದಿನ ಸಾಲಿನಲ್ಲೇ ಗೌರಿ ಹಬ್ಬಕ್ಕೆ ತಂಗಿಯನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಬರುವ ಮಾತಿದೆ. ಆ ಎರಡು ಸಾಲುಗಳನ್ನು ಓದಿದ ಮೇಲೆ ಮೂರು ರಾತ್ರಿ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಘರ್ಷಣೆಯ ಪಾಠ ಮಾಡಿದವನಾದ್ದರಿಂದ, ಆ "ಸ್ವಲ್ಪ ಜಾರಿತು" ಎಂಬುದು ನನ್ನ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಓಡುವ ಬೈಕು ನೆಲವನ್ನು ಮುಟ್ಟಿರುವುದು ಎರಡೇ ಕಡೆ, ಒಂದೊಂದು ಕಡೆಯೂ ಹೆಚ್ಚೆಂದರೆ ಅಂಗೈಯಗಲ. ನೆನೆದ ಬಿಳಿ ಬಣ್ಣ ಡಾಂಬರಿಗಿಂತ ನುಣುಪು. ಅದರ ಮೇಲೆ ಮುಂದಿನ ಚಕ್ರ ಹಿಡಿತ ಬಿಟ್ಟರೆ, ಕಾಲು ಊರುವುದಕ್ಕೂ ಸಮಯ ಸಿಗದೆ ಸವಾರ ನೆಲದಲ್ಲಿರುತ್ತಾನೆ. ಅದೇ ಪಟ್ಟೆಯ ಮೇಲೆ ನಿನ್ನ ಕಾರು ಜಾರಿದ್ದರೆ ನಾಲ್ಕು ಚಕ್ರಗಳ ಮೇಲೆ ನಿಂತೇ ಜಾರುತ್ತಿತ್ತು. ಮುಂದಿನ ವಾಹನಕ್ಕೆ ತಗುಲಿದರೂ ಪೆಟ್ಟನ್ನು ಮೊದಲು ತಿನ್ನುವುದು ಬಂಪರು, ತಗಡು, ಸೀಟ್ ಬೆಲ್ಟು. ಬೈಕಿನಲ್ಲಿ ಮೊದಲು ತಿನ್ನುವುದು ನಿನ್ನ ಮೊಣಕೈ, ನಿನ್ನ ಭುಜ, ನಿನ್ನ ತಲೆ. ನಿನ್ನ ಬೈಕಿಗೆ ಎಬಿಎಸ್ ಇದೆಯೆಂದು ನೀನು ಹೇಳುವುದೂ ಗೊತ್ತು. ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ನಿಲ್ಲದಂತೆ ಅದು ತಡೆಯುತ್ತದೆ, ನಿಜ. ಆದರೆ ರಸ್ತೆಯಲ್ಲೇ ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತಂದುಕೊಡಬೇಕು?

1984ರ ಜನವರಿಯ ಆ ದಿನದ ಸಂಗತಿಯನ್ನು ನಾನು ಇಲ್ಲಿ ಬರೆಯುವುದಿಲ್ಲ. ನಡುಮನೆಯ ಗೋಡೆಯ ಮೇಲೆ ನಿನ್ನ ಚಿಕ್ಕಪ್ಪನ ಪಟ ಏಕಿದೆಯೆಂದು ನಿನಗೆ ಬುದ್ಧಿ ಬಂದಾಗಿನಿಂದ ಗೊತ್ತು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದಿರುವುದು ಅದಕ್ಕೆ ಹದಿನೈದು ದಿನ ಹಿಂದಿನ ಒಂದು ಸಂಜೆ. ನಲವತ್ತು ವರ್ಷಕ್ಕೂ ಮೇಲಾಯಿತು, ನಿನ್ನ ಅಜ್ಜಿ ಬದುಕಿರುವವರೆಗೂ ಹೇಳಲಾಗಲಿಲ್ಲ. ಈಗ ನಿನಗೆ ಹೇಳುತ್ತಿದ್ದೇನೆ.

ಆಗ ನನ್ನ ಬಳಿ ಮೈಸೂರಿನಲ್ಲಿ ತಯಾರಾದ ಎಜ್ಡಿ ಬೈಕು ಇತ್ತು, ಯಾರೋ ಓಡಿಸಿ ಬಿಟ್ಟದ್ದನ್ನು ಕೊಂಡಿದ್ದೆ. ಅದರಲ್ಲಿ ಕಿಕ್ಕರೂ ಗೇರೂ ಒಂದೇ ಸನ್ನೆಕೋಲು; ಕಿಕ್ ಹೊಡೆದು ಅದನ್ನೇ ಮುಂದಕ್ಕೆ ಮಡಿಸಿದರೆ ಗೇರು. ಅದನ್ನು ನೋಡುವುದಕ್ಕೇ ಶಾಲೆಯ ಹುಡುಗರು ಸುತ್ತ ನಿಲ್ಲುತ್ತಿದ್ದರು. ಸುಗ್ಗಿಯ ಕಾಲವಾದ್ದರಿಂದ ಚನ್ನರಾಯಪಟ್ಟಣದ ಕಡೆಯ ರಸ್ತೆಗಳ ಮೇಲೆಲ್ಲ ಹುರುಳಿ ಗಿಡ ಹರಡಿದ್ದರು, ಬಸ್ಸು ಲಾರಿ ಹಾದು ತಾವಾಗಿ ಒಕ್ಕಣೆಯಾಗಲಿ ಎಂದು. ಸಂಜೆ ಶಾಲೆಯಿಂದ ಬರುವಾಗ ಗಾಡಿ ಆ ಹೊಟ್ಟಿನ ಮೇಲೆ ಹೋಯಿತು. ಕಾಳುಗಳು ಚಕ್ರದಡಿ ಉರುಳಿ, ಗಾಡಿ ಒಂದು ಕಡೆ, ನಾನು ಒಂದು ಕಡೆ. ಹಿಂದೆ ಮುಂದೆ ಯಾವ ವಾಹನವೂ ಇರಲಿಲ್ಲ. ಕೆರೆಯಲ್ಲಿ ಮಂಡಿ ತೊಳೆದುಕೊಂಡು ಮನೆಗೆ ಬಂದೆ. ಪ್ಯಾಂಟು ಹರಿದದ್ದನ್ನು ನೋಡಿ ಅಮ್ಮ ಕೇಳಿದಾಗ ಬೆಂಚಿನ ಮೊಳೆಗೆ ಸಿಕ್ಕಿತು, ಏನೂ ಆಗಲಿಲ್ಲ ಎಂದೆ. ಅವಳು ಅದೇ ರಾತ್ರಿ ದೀಪದ ಬುಡದಲ್ಲಿ ಕೂತು ಅದನ್ನು ಹೊಲಿದುಕೊಟ್ಟಳು. ಹದಿನೈದು ದಿನದ ಮೇಲೆ ತಮ್ಮನನ್ನು ಹಿಂದೆ ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಹೊರಟಾಗ ನಾನು ತೊಟ್ಟಿದ್ದದ್ದು ಆ ಹೊಲಿಗೆಯ ಪ್ಯಾಂಟನ್ನೇ.

ಅಂದು ನಿಜ ಹೇಳಿದ್ದರೆ ನಿಮ್ಮ ತಾತ ಗಾಡಿಯ ಕೀಲಿಯನ್ನು ಖಂಡಿತವಾಗಿ ಕಿತ್ತಿಟ್ಟುಕೊಳ್ಳುತ್ತಿದ್ದರು. ಆ ಭಯಕ್ಕೇ ಹೇಳಲಿಲ್ಲ. ನನ್ನ ತಲೆಗೆ ಒಂದು ಹೆಲ್ಮೆಟ್ ಇತ್ತು. ಹಿಂದೆ ಕೂರುವವನಿಗೂ ತಲೆಯಿದೆಯೆಂಬ ಯೋಚನೆ ಬರಲಿಲ್ಲ. ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂದು 2016ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಂದಾಗ, ಸರಿಯಾಗಿ 32 ವರ್ಷ ತಡವಾಯಿತು ಎಂದುಕೊಂಡು ಆ ದಿನವೆಲ್ಲ ಯಾರೊಡನೆಯೂ ಮಾತನಾಡಲಿಲ್ಲ.

ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಕಾರು, ಜೀಪುಗಳಲ್ಲಿದ್ದವರು ನೂರಕ್ಕೆ ಸುಮಾರು 12. ನಮ್ಮಲ್ಲಿ ಬೈಕುಗಳೇ ಹೆಚ್ಚಲ್ಲವೇ ಎಂದು ನೀನು ಕೇಳಬಹುದು, ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಹೆಲ್ಮೆಟ್ ಇಲ್ಲದೆ ಸತ್ತವರು ಅದೇ ವರ್ಷ 50,029, ಅವರಲ್ಲಿ 14 ಸಾವಿರಕ್ಕೂ ಹೆಚ್ಚು ಜನ ಹಿಂದೆ ಕುಳಿತವರು. ನನ್ನ ಮನಸ್ಸು ಆ ಹಿಂದೆ ಕುಳಿತವರ ಲೆಕ್ಕದಿಂದ ಮುಂದೆ ಹೋಗುವುದಿಲ್ಲ.

ನಗರದಲ್ಲಿ ದುಡಿಯುವವನಿಗೆ ಹಳ್ಳಿಯಲ್ಲಿ ಕೂತು ಬುದ್ಧಿ ಹೇಳುವುದು ಸುಲಭವೆಂದು ನಾನೂ ಬಲ್ಲೆ. ಬೈಕನ್ನು ಮಾರೆಂದು ಹೇಳುವ ಹಕ್ಕು ನನಗಿಲ್ಲ. ಒಣಗಿದ ರಸ್ತೆ ನೆನೆಯುವ ಮೊದಲ ಮಳೆಯ ದಿನ ಧೂಳೂ ಎಣ್ಣೆಯೂ ಕಲಸಿ ರಸ್ತೆ ಲೋಳೆಯಾಗಿರುತ್ತದೆ. ಅಂಥ ದಿನವಾದರೂ ತಡವಾದರೆ ಆಗಲಿ ಎಂದು ಕಾರನ್ನು ತೆಗೆಯಬಹುದೇನೋ. ಐಎಸ್‌ಐ ಗುರುತಿನ ಹೆಲ್ಮೆಟ್ಟೇ ಇರಬಹುದು, ಆದರೆ ಗಲ್ಲದ ಪಟ್ಟಿ ಬಿಗಿಯದಿದ್ದರೆ ತಲೆ ನೆಲಕ್ಕೆ ಬಡಿಯುವ ಮೊದಲೇ ಅದು ಹಾರಿಹೋಗಬಹುದು. ನೀನು ಪಟ್ಟಿಯನ್ನು ಇಳಿಬಿಟ್ಟುಕೊಂಡು ಹೋಗುವುದನ್ನು ಯುಗಾದಿಗೆ ಬಂದಾಗ ಗೇಟಿನ ಬಳಿ ನಿಂತು ನೋಡಿಯೂ ಸುಮ್ಮನಿದ್ದೆ, ಆ ಸುಮ್ಮನಿದ್ದದ್ದೂ ನನ್ನದೇ ತಪ್ಪು. ಟೈರು ಸವೆದಿದೆಯೇ ನೋಡಿಸು. ಹಬ್ಬಕ್ಕೆ ಮಾತ್ರ ದಯವಿಟ್ಟು ಇಬ್ಬರೂ ಕಾರಿನಲ್ಲಿ ಬನ್ನಿ, ಇಲ್ಲವೇ ಬಸ್ಸು ಹತ್ತಿ. ಕುಣಿಗಲ್ ದಾಟಿದ ಮೇಲೆ ಲಾರಿಗಳು ಪಕ್ಕದಲ್ಲಿ ಹಾದಾಗ ಆ ಗಾಳಿಗೆ ಬೈಕು ಅಲುಗುವುದು ನಿನಗೆ ಹೊಸತಲ್ಲ. ಹಿಂದೆ ಇನ್ನೊಬ್ಬರಿದ್ದಾಗ ಅದು ಬೇರೆಯದೇ ಗಾಡಿಯಾಗಿರುತ್ತದೆ. ಕಾರಿನ ಖರ್ಚು ನಾನು ಕೊಡುತ್ತೇನೆ, ಇದರಿಂದ ಬೇಸರಪಟ್ಟುಕೊಳ್ಳಬೇಡ.

ಉತ್ತರ ಬರೆಯುವಾಗ ಉಳಿದುದೆಲ್ಲ ಇರಲಿ, ಆ ಸಾಲಿನಲ್ಲಿ ನೀನು ಬರೆಯದೆ ಬಿಟ್ಟದ್ದನ್ನು ಮುಚ್ಚಿಡದೆ ಬರೆ. ನೀನು ಕೆಳಗೆ ಬಿದ್ದೆಯಾ? ಹಿಂದಿನಿಂದ ಯಾವ ವಾಹನ ಬರುತ್ತಿತ್ತು, ಅದು ನಿನ್ನಿಂದ ಎಷ್ಟು ದೂರದಲ್ಲಿ ನಿಂತಿತು?

ಇಂತಿ ನಿನ್ನ
ದೊಡ್ಡಪ್ಪ