ಹಳೇ ಜೀಪಿಗೆ ಮೊದಲು ಬ್ರೇಕು, ಆಮೇಲೆ ಬಂಪರು

ಮಾನ್ಯ ಸಂಪಾದಕರೇ,

ಮಳೆ ಹಿಂದೆ ಸರಿಯುತ್ತಿದ್ದಂತೆ ಮಲೆನಾಡಿನ ಮನೆಯಂಗಳಗಳಲ್ಲಿ ಹಳೇ ಜೀಪುಗಳ ರಿಪೇರಿ ಶುರುವಾಗುತ್ತದೆ. ಕಾಫಿ ಕೊಯ್ಲಿಗೆ ಮೊದಲು ಗಾಡಿ ಸಜ್ಜಾಗಬೇಕು. ಕೊಡಗಿನ ಮಾಂದಲಪಟ್ಟಿಯಂಥ ಕಡೆ ಪ್ರವಾಸಿಗರನ್ನು ಬೆಟ್ಟ ಹತ್ತಿಸುವ ಜೀಪುಗಳಿಗೂ ಇದೇ ಹಂಗಾಮು. ಆದರೆ ಕೈಯಲ್ಲಿರುವ ದುಡ್ಡು ದಪ್ಪ ಟೈರು, ಕಬ್ಬಿಣದ ಬಂಪರು, ತಲೆ ಮೇಲಿನ ಲೈಟುಗಳಿಗೆ ಖರ್ಚಾಗಿ, ಬ್ರೇಕು ಮತ್ತು ಸ್ಟೇರಿಂಗಿನ ಕೆಲಸ ‘ಮುಂದಿನ ಸಲ’ಕ್ಕೆ ಉಳಿಯುತ್ತದೆ. ಈ ಕ್ರಮ ಉಲ್ಟಾ ಆಗಬೇಕು. ಬ್ರೇಕು, ಸ್ಟೇರಿಂಗುಗಳ ಬಹುಪಾಲು ಕೆಲಸವನ್ನು ಮನೆಯಲ್ಲೇ, ಸಾಮಾನ್ಯ ಸ್ಪ್ಯಾನರ್ ಸೆಟ್ಟಿನಿಂದ ಮಾಡಿಕೊಳ್ಳಬಹುದು. ಹೇಗೆಂದು ತಿಳಿಸಲು ಈ ಪತ್ರ.

ಮಹೀಂದ್ರ ಸಂಸ್ಥೆ 1947ರಲ್ಲಿ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಬಿಡಿಭಾಗಗಳಿಂದ ಜೋಡಿಸಲು ತೊಡಗಿತು. ಎತ್ತರದ ಬಾನೆಟ್ಟಿನ ಸಿಜೆ3ಬಿ, ಅದರ ನಂತರ 2,112 ಸಿಸಿ ಪ್ಯೂಜೋ ಡೀಸೆಲ್ ಎಂಜಿನ್ನಿನ ಎಂಎಂ540 ಇವತ್ತಿಗೂ ತೋಟಗಳಲ್ಲಿ ದುಡಿಯುತ್ತಿವೆ. ಕಂಪ್ಯೂಟರ್ ಇಲ್ಲದ, ಕಣ್ಣಿಗೆ ಕಾಣುವ, ಕೈಗೆ ಎಟುಕುವ ಯಂತ್ರಗಳಿವು. ಮನೆ ರಿಪೇರಿಗೆ ಇದಕ್ಕಿಂತ ಒಳ್ಳೆಯ ಗಾಡಿ ಸಿಗಲಾರದು. ಆದರೆ ಈಗಿನ ಕಾರುಗಳ ಅಭ್ಯಾಸವನ್ನೇ ಇವುಗಳ ಮೇಲೆ ಪ್ರಯೋಗಿಸಿದರೆ ಅಪಾಯ.

ಮೊದಲನೆಯ ಅಪಾಯ ಜಾಕ್ ಹಾಕುವಾಗಲೇ ಕಾದಿರುತ್ತದೆ. ಹಳೇ ಜೀಪಿನ ಕೆಳಗೆ ಹಣಕಿ ನೋಡಿ: ಗೇರ್‌ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ ಸಣ್ಣದೊಂದು ಡ್ರಮ್ ಇದ್ದರೆ ಅದೇ ಹ್ಯಾಂಡ್ ಬ್ರೇಕ್. ಅದು ಹಿಡಿಯುವುದು ಚಕ್ರವನ್ನಲ್ಲ, ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದು ಚಕ್ರವನ್ನು ಎತ್ತಿದ ಕೂಡಲೇ, ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ತನ್ನ ಕೆಲಸ ಮಾಡುತ್ತದೆ. ಎತ್ತಿದ ಚಕ್ರ ಒಂದು ದಿಕ್ಕಿಗೆ ತಿರುಗಿ, ನೆಲದ ಮೇಲಿನ ಚಕ್ರ ಇನ್ನೊಂದು ದಿಕ್ಕಿಗೆ ಉರುಳಲು ದಾರಿ ಬಿಡುತ್ತದೆ. ಶಾಫ್ಟ್ ಕದಲದೇ ಇದ್ದರೂ ಗಾಡಿ ಜಾಕಿನಿಂದ ಜಾರಿ ಇಳಿಜಾರಿಗೆ ಹೊರಡುತ್ತದೆ. ಗೇರಿನಲ್ಲಿ ನಿಲ್ಲಿಸಿದರೂ ಇದೇ ಕತೆ. ಆದ್ದರಿಂದ ಮಟ್ಟಸ ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳನ್ನು ಅವುಗಳ ಶಾಫ್ಟಿಗೆ ಜೋಡಿಸುವ ಹಬ್‌ಗಳನ್ನು ಲಾಕ್ ಮಾಡಿ, ಫೋರ್ ವೀಲಿಗೆ ಹಾಕಿ, ನೆಲದಲ್ಲಿರುವ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಡಿ. ಎತ್ತಿದ ಮೇಲೆ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇರಲೇಬೇಕು. ಸ್ಟ್ಯಾಂಡ್ ಇಲ್ಲದಿದ್ದರೆ ಗಟ್ಟಿ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್, ಕೆಂಪುಕಲ್ಲು ಇಡಬೇಡಿ, ಅವು ಮುನ್ಸೂಚನೆ ಇಲ್ಲದೆ ಒಡೆಯುತ್ತವೆ. ಚಕ್ರದ ನಟ್ ಬಿಚ್ಚುವಾಗ ಇನ್ನೊಂದು ಎಚ್ಚರ: ಹಲವು ಹಳೇ ಜೀಪುಗಳಲ್ಲಿ ಎಡಗಡೆ ಚಕ್ರದ ಬೋಲ್ಟುಗಳಿಗೆ ಉಲ್ಟಾ ಥ್ರೆಡ್ ಇರುತ್ತದೆ. ಬಿಚ್ಚುತ್ತಿಲ್ಲ ಎಂದು ಪೈಪ್ ಹಾಕಿ ಜಗ್ಗಿದರೆ ಬೋಲ್ಟೇ ಮುರಿಯುತ್ತದೆ.

ಈಗ ಬ್ರೇಕಿಗೆ ಬರೋಣ. ಸಿಜೆ3ಬಿಯಂಥ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ, ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಹೊರಡುವುದು ಒಂದೇ ಪೈಪುಸಾಲು. ಎಲ್ಲಿ ತೂತಾದರೂ ನಾಲ್ಕೂ ಬ್ರೇಕ್ ಹೋದಂತೆಯೇ. ಮಾಸ್ಟರ್ ಸಿಲಿಂಡರ್ ಇರುವುದು ಡ್ರೈವರ್ ಕಾಲಿನಡಿ, ಕೆಸರು ರಾಚುವ ಜಾಗದಲ್ಲಿ. ಅಲ್ಲಿನ ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ಪೂರ್ತಿ ತೆಗೆಯಿರಿ, ಒಳಗೆ ಬಿದ್ದ ಒಂದು ಮರಳಿನ ಕಣ ರಬ್ಬರ್ ಕಪ್ಪನ್ನು ಗೀರಿಹಾಕುತ್ತದೆ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರಬೇಕು, ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇದೇ ಅಂಕಿಗಳು 230 ಮತ್ತು 155. ಹೇರು ತುಂಬಿದ ಜೀಪು ಚಾರ್ಮಾಡಿ ಘಾಟಿ ಇಳಿಯುವಾಗ ಡ್ರಮ್ಮುಗಳು ಕಾದು ನೀರು ಸೇರಿದ ಆಯಿಲ್ ಕುದಿಯಿತೆಂದರೆ, ಪೈಪಿನೊಳಗೆ ಆವಿ ತುಂಬಿ ಪೆಡಲ್ ನೆಲ ಮುಟ್ಟುತ್ತದೆ. ಕೆಳಗೆ ಬಂದು ತಣ್ಣಗಾದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಗುತ್ತದೆ, ಗ್ಯಾರೇಜಿನಲ್ಲಿ ದೋಷವೇ ಸಿಗುವುದಿಲ್ಲ. ಮಲೆನಾಡಿನ ತೇವಕ್ಕೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಕಡ್ಡಾಯ ಎಂದೇ ತಿಳಿಯಿರಿ. ಸಿಲಿಕೋನಿನ ಡಾಟ್ 5 ಬೇರೆಯೇ ಜಾತಿ, ಇವುಗಳ ಜೊತೆ ಬೆರೆಸಬಾರದು.

ಬದಲಿಸಲು ಒಂದು ಲೀಟರಿನ ಸೀಲ್ ಒಡೆಯದ ಡಬ್ಬಿ, ಒಂದಡಿ ಪಾರದರ್ಶಕ ಪೈಪು, ಒಂದು ಬಾಟಲಿ, ಪೆಡಲ್ ತುಳಿಯಲು ಒಬ್ಬ ಸಹಾಯಕ ಇದ್ದರೆ ಸಾಕು. ಹಿಂದಿನ ದಿನವೇ ಆಯಿಲ್, ಗಾಳಿ ಹೊರಬಿಡಲು ಚಕ್ರಗಳ ಹಿಂದೆ ಇರುವ ನಾಲ್ಕೂ ನಿಪ್ಪಲ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ನಿಪ್ಪಲ್ ಮುರಿದರೆ ಚಕ್ರದಲ್ಲಿ ಬ್ರೇಕ್ ಒತ್ತುವ ವೀಲ್ ಸಿಲಿಂಡರನ್ನೇ ಬದಲಿಸಬೇಕಾದೀತು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರ ಮೊದಲು: ಬಲಗಡೆ ಸ್ಟೇರಿಂಗಿನ ಗಾಡಿಯಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಪೈಪಿನ ಒಂದು ತುದಿಯನ್ನು ನಿಪ್ಪಲ್‌ಗೆ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಲಿ. ಸಹಾಯಕ ತುಳಿದು ಹಿಡಿದಾಗ ನಿಪ್ಪಲ್ ಸಡಿಲಿಸಿ, ಅವರು ಕಾಲು ಎತ್ತುವ ಮೊದಲೇ ಬಿಗಿ ಮಾಡಿ. ಗುಳ್ಳೆ ನಿಂತು ತಿಳಿ ಬಣ್ಣದ ಹೊಸ ಆಯಿಲ್ ಬರುವವರೆಗೆ ಹೀಗೇ ಮಾಡಿ. ನಡುನಡುವೆ ಮಾಸ್ಟರ್ ಸಿಲಿಂಡರನ್ನು ತುಂಬಿಸುತ್ತಿರಬೇಕು. ಅದು ಒಮ್ಮೆ ಬರಿದಾದರೆ ಗಾಳಿ ಹೊಕ್ಕು ಮೊದಲಿನಿಂದ ಶುರು ಮಾಡಬೇಕು. ಎಲ್ಲ ಮುಗಿದ ಮೇಲೆ ಪೆಡಲಿನಲ್ಲಿ ಸುಮಾರು ಅರ್ಧ ಇಂಚು ಖಾಲಿ ಆಟ ಇರಬೇಕು. ಆ ಆಟ ಇಲ್ಲದಿದ್ದರೆ ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಂಡು ಬ್ರೇಕ್ ತಾನಾಗಿ ಹಿಡಿಯುತ್ತಾ ಹೋಗುತ್ತದೆ.

ಒಂದೇ ಚಕ್ರ ಬಿಸಿಯಾಗುತ್ತಿದ್ದರೆ ಡ್ರಮ್ಮನ್ನು ದೂರುವ ಮೊದಲು ಪರೀಕ್ಷೆ ಮಾಡಿ. ಚಕ್ರ ಎತ್ತಿ, ಪೆಡಲ್ ತುಳಿದು ಬಿಡಿ. ಚಕ್ರ ಜಾಮ್ ಆಗೇ ಇದ್ದರೆ ಮಾಸ್ಟರ್ ಸಿಲಿಂಡರಿನ ಹತ್ತಿರದ ಜಾಯಿಂಟನ್ನು ಸ್ವಲ್ಪ ಸಡಿಲಿಸಿ. ಆಗ ಚಕ್ರ ಬಿಟ್ಟರೆ ದೋಷ ಮಾಸ್ಟರ್ ಸಿಲಿಂಡರಿನದು ಅಥವಾ ಪೆಡಲ್ ಆಟದ್ದು. ಆಗಲೂ ಬಿಡದೆ, ಚಕ್ರದ ನಿಪ್ಪಲ್ ಸಡಿಲಿಸಿದಾಗ ಬಿಟ್ಟರೆ ರಬ್ಬರ್ ಹೋಸ್ ಒಳಗೇ ಊದಿಕೊಂಡಿದೆ ಎಂದರ್ಥ. ಹೊರಗಿನಿಂದ ಹೊಸದರಂತೆ ಕಂಡರೂ ಅದನ್ನು ಬದಲಿಸಿ. ಎರಡಕ್ಕೂ ಬಗ್ಗದಿದ್ದರೆ ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದಿದೆ, ಇಲ್ಲವೇ ಡ್ರಮ್ಮನ್ನು ಒಳಗಿನಿಂದ ಒತ್ತುವ ಶೂ ಸಿಕ್ಕಿಕೊಂಡಿದೆ. ಸಿಲಿಂಡರ್ ಬಿಚ್ಚಿದಾಗ ರಬ್ಬರ್ ಕಿಟ್ಟನ್ನು ಪೆಟ್ರೋಲ್, ಡೀಸೆಲ್‌ನಲ್ಲಿ ತೊಳೆಯುವ ರೂಢಿ ಬಿಡಬೇಕು, ರಬ್ಬರ್ ಊದುತ್ತದೆ. ಹೊಸ ಬ್ರೇಕ್ ಆಯಿಲಿನಲ್ಲೇ ಒರೆಸಿ ಕೂರಿಸಿ. ಕಿಟ್ ಕೊಳ್ಳುವಾಗ ತಯಾರಿಕೆಯ ದಿನಾಂಕ ನೋಡಿ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ರಬ್ಬರ್ ಪ್ಯಾಕೆಟ್ಟಿನೊಳಗೇ ಗಡುಸಾಗಿರುತ್ತದೆ.

ಡ್ರಮ್ ಬಿಚ್ಚಿದಾಗ ಒಳಗಿನ ದೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಶೂ ಮೇಲೆ ಡ್ರಮ್ಮಿಗೆ ಉಜ್ಜುವ ಪಟ್ಟಿಗಳಾದ ಹಳೇ ಲೈನಿಂಗುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವುದಿಲ್ಲ. ನೀರು ಚಿಮುಕಿಸಿ ಬಟ್ಟೆಯಿಂದ ಒರೆಸಿ. ಗೇರ್ ಆಯಿಲ್ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು ಮತ್ತೆ ಹಾಕುವವರಿದ್ದಾರೆ. ಎರಡು ದಿನ ಹಿಡಿದಂತೆ ಮಾಡಿ ಅದು ಮತ್ತೆ ಜಾರುತ್ತದೆ. ಎರಡೂ ಬದಿಯ ಲೈನಿಂಗನ್ನು ಒಟ್ಟಿಗೇ ಬದಲಿಸಬೇಕು, ಇಲ್ಲವಾದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಆ ಆಯಿಲ್ ಡ್ರಮ್ಮಿಗೆ ಬಂದದ್ದು ಹೇಗೆ? ಸೀಲ್ ಹೋಗಿದೆ ಎಂದು ಸೀಲ್ ಬದಲಿಸುತ್ತಾರೆ, ಆರು ತಿಂಗಳಲ್ಲಿ ಮತ್ತೆ ಸೋರುತ್ತದೆ. ನೋಡಬೇಕಾದ್ದು ಆಕ್ಸಲ್ ಮೇಲಿನ, ಒಳಗಿನ ಗಾಳಿ ಆಡಲು ಬಿಡುವ ಸಣ್ಣ ಬ್ರೀದರನ್ನು. ಅದು ಮಣ್ಣಿನಿಂದ ಮುಚ್ಚಿದ್ದರೆ, ಗಾಡಿ ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಆಯಿಲನ್ನು ಸೀಲಿನಾಚೆ ತಳ್ಳುತ್ತದೆ. ಬಿಸಿ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಅದೇ ಗಾಳಿ ಕುಗ್ಗಿ ನೀರನ್ನು ಒಳಗೆ ಎಳೆಯುತ್ತದೆ. ಡಿಫರೆನ್ಷಿಯಲ್ ಆಯಿಲ್ ಹಾಲು ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಅದೇ ದಿನ ಬದಲಿಸಿ. ಬ್ರೀದರ್ ಬಿಚ್ಚಿ ಡೀಸೆಲಿನಲ್ಲಿ ತೊಳೆದು ಬಾಯಿಂದ ಗಾಳಿ ಊದಿ ನೋಡುವುದು ಐದು ನಿಮಿಷದ ಕೆಲಸ. ಆಯಿಲ್ ಬದಲಿಸುವಾಗ ಮೊದಲು ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನದು. ಕೆಳಗಿನದನ್ನು ಬಿಚ್ಚಿ ಖಾಲಿ ಮಾಡಿದ ಮೇಲೆ ಮೇಲಿನದು ಕದಲದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ತುಂಬುವ ತೂತಿನ ಕೆಳ ಅಂಚಿಗೆ ಬಂದರೆ ಮಟ್ಟ ಸರಿ. ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ ಆಯಿಲ್ ಹಾಕಿ. ಜಿಎಲ್-5ರ ಗಂಧಕದ ಅಂಶ ಒಳಗಿನ ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆ ಬಣ್ಣದ ಸಿಂಕ್ರೊ ರಿಂಗುಗಳನ್ನು ತಿನ್ನಬಲ್ಲದು. ಸಿಜೆ3ಬಿಯಲ್ಲಿ ಗೇರ್‌ಬಾಕ್ಸಿನ ಆಯಿಲ್ ಟ್ರಾನ್ಸ್‌ಫರ್ ಕೇಸಿಗೆ ಅಥವಾ ಅಲ್ಲಿಂದ ಇಲ್ಲಿಗೆ ನುಸುಳುವುದು ಹಳೆಯ ಕಾಯಿಲೆ, ಹಾಗಾಗಿ ಎರಡರ ಮಟ್ಟವನ್ನೂ ಒಟ್ಟಿಗೇ ನೋಡಿ.

ಸ್ಟೇರಿಂಗ್ ವಿಷಯ. ಒಂದು ಗುಂಡಿ ಹಾರಿಸಿದ ಕೂಡಲೇ ಮುಂದಿನ ಚಕ್ರಗಳು ಹುಚ್ಚೆದ್ದು ಅಲುಗುವ ಜೀಪುಗಳಿಗೆ ಈಗ ಅಲುಗಾಟ ತಡೆಯುವ ಡ್ಯಾಂಪರ್ ಹಾಕಿಸುವುದು ಸುಲಭದ ದಾರಿಯಾಗಿದೆ. ಡ್ಯಾಂಪರ್ ಅಲುಗಾಟವನ್ನು ಮುಚ್ಚಿಡುತ್ತದೆ, ಸವೆತ ಒಳಗೇ ಮುಂದುವರಿಯುತ್ತದೆ. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಕಂಡರೆ ಸಹಾಯಕನಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲುಗಿಸಿ. ಬ್ರೇಕ್ ಹಿಡಿದಾಗ ಆಟ ಮಾಯವಾದರೆ ವೀಲ್ ಬೇರಿಂಗ್ ಸಡಿಲ, ಹಾಗೇ ಉಳಿದರೆ, ಚಕ್ರ ಎಡಬಲಕ್ಕೆ ತಿರುಗಲು ಅಚ್ಚಾಗಿರುವ ಕಿಂಗ್ ಪಿನ್ನಿನ ಬೇರಿಂಗ್ ಸವೆದಿದೆ. ಎಡಬಲ ಹಿಡಿದು ಅಲುಗಿಸಿದಾಗ ಮುಂದಿನ ಎರಡೂ ಚಕ್ರಗಳನ್ನು ಜೋಡಿಸುವ ಟೈ ರಾಡ್ ಎಂಡುಗಳ ಆಟ ತಿಳಿಯುತ್ತದೆ. ವೀಲ್ ಬೇರಿಂಗಿನ ನಟ್ಟನ್ನು ಚಕ್ರ ತಿರುಗಿಸುತ್ತಾ ಭಾರವೆನಿಸುವವರೆಗೆ ಬಿಗಿಸಿ, ಆರನೇ ಒಂದು ಸುತ್ತು ಹಿಂದಕ್ಕೆ ಬಿಟ್ಟು ಲಾಕ್ ವಾಷರ್ ಮಡಚಿ. ಈ ನಟ್ಟಿಗೆ ಅದರದೇ ಬಾಕ್ಸ್ ಸ್ಪ್ಯಾನರ್ ಬೇಕು. ಉಳಿ ಸುತ್ತಿಗೆಯಿಂದ ಹೊಡೆದರೆ ನಟ್ ಹಾಳಾಗುವುದಲ್ಲದೆ ಲೋಹದ ಚೂರು ಬೇರಿಂಗಿನೊಳಗೆ ಬೀಳುತ್ತದೆ. ಕಿಂಗ್ ಪಿನ್ನಿನ ಬಿಗಿತ ಅದರ ಮುಚ್ಚಳದಡಿಯ ತೆಳು ಶಿಮ್ಮುಗಳಿಂದ ಹೊಂದಿಕೊಳ್ಳುತ್ತದೆ: ಒಂದು ಶಿಮ್ ತೆಗೆದರೆ ಬಿಗಿಯಾಗುತ್ತದೆ. ಮೇಲಿನಿಂದಲೂ ಕೆಳಗಿನಿಂದಲೂ ಸಮನಾಗಿ ತೆಗೆಯಿರಿ, ಇಲ್ಲದಿದ್ದರೆ ಒಳಗಿನ ಶಾಫ್ಟ್ ನಡುವಿನಲ್ಲಿ ನಿಲ್ಲುವುದಿಲ್ಲ. ಇದೆಲ್ಲ ಸರಿಯಾದ ಮೇಲೆ ಟೋ-ಇನ್ ಅಳೆಯಿರಿ. ವಿಲ್ಲೀಸ್ ಮಾದರಿಯಲ್ಲಿ ಚಕ್ರಗಳ ಮುಂಭಾಗ ಹಿಂಭಾಗಕ್ಕಿಂತ 1ರಿಂದ 2 ಮಿ.ಮೀ.ನಷ್ಟು ಮಾತ್ರ ಹತ್ತಿರ ಇರಬೇಕು.

ಒಂದು ಮಾತು ಫೋರ್ ವೀಲ್ ಬಗ್ಗೆ. ಈ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟ್ ಒಂದೇ ವೇಗಕ್ಕೆ ಬೆಸೆದುಕೊಳ್ಳುತ್ತವೆ. ಒಣ ಟಾರ್ ರಸ್ತೆಯ ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಹೋಗಬೇಕಾದ್ದರಿಂದ ಶಾಫ್ಟುಗಳು ತಿರುಚಿಕೊಂಡು ಲಿವರ್ ಬಿಡದಂತೆ ಜಾಮ್ ಆಗುತ್ತದೆ. ಸುತ್ತಿಗೆ ಬೇಡ, ನೇರವಾಗಿ ನಾಲ್ಕಾರು ಅಡಿ ರಿವರ್ಸ್ ತೆಗೆದುಕೊಂಡರೆ ಸಾಮಾನ್ಯವಾಗಿ ಬಿಡುತ್ತದೆ. ಮುಂದೊಂದು ಹಿಂದೊಂದು ಅಳತೆಯ ಟೈರ್ ಹಾಕಿದರೆ ನೇರ ರಸ್ತೆಯಲ್ಲೂ ಇದೇ ತೊಂದರೆ.

ಡೀಸೆಲ್ ಫಿಲ್ಟರ್ ಬದಲಿಸಿದ ಮೇಲೆ ಗಾಡಿ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ ಬರಿದು ಮಾಡುವ ಮೊದಲು ಗಾಳಿ ತೆಗೆಯಿರಿ: ಫಿಲ್ಟರಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಕೈಪಂಪು ಹೊಡೆದು, ಗುಳ್ಳೆ ನಿಂತ ಮೇಲೆ ಬಿಗಿಸಿ. ಇಂಜೆಕ್ಟರ್ ಪೈಪಿನ ಸೋರಿಕೆಯನ್ನು ಮಾತ್ರ ಬೆರಳಿನಿಂದ ಹುಡುಕಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಗಾಯ ಚಿಕ್ಕದೆನಿಸಿದರೂ ತಕ್ಷಣ ಆಸ್ಪತ್ರೆ ಬೇಕು.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುವುದು ಗಾಡಿಯ ಮೂಲ ಸ್ವರೂಪ ಬದಲಿಸುವುದನ್ನು, ರಿಪೇರಿಯನ್ನಲ್ಲ. ಹದಿನೈದು ವರ್ಷ ಕಳೆದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುವಾಗ ಹೇಗೂ ತಪಾಸಣೆ ನಡೆಯುತ್ತದೆ. ಅಲ್ಲಿ ಬ್ರೇಕ್ ಆಯಿಲಿನ ಸ್ಥಿತಿ, ರಬ್ಬರ್ ಹೋಸ್, ಕಿಂಗ್ ಪಿನ್ ಆಟ ಈ ಮೂರನ್ನು ಚಕ್ರ ಎತ್ತಿಯೇ ನೋಡಬೇಕೆಂದು ಸಾರಿಗೆ ಇಲಾಖೆಯನ್ನು ಕೋರುತ್ತೇವೆ. ಡ್ರಮ್ ಬ್ರೇಕು, ಕಿಂಗ್ ಪಿನ್ ಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಊರೂರಲ್ಲೂ ಕಡಿಮೆಯಾಗುತ್ತಿದ್ದಾರೆ. ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಭಾಗದ ಐಟಿಐಗಳು ಅಂಥವರನ್ನು ಕರೆಸಿ, ಜೀಪು ಇಟ್ಟುಕೊಂಡವರಿಗಾಗಿ ಕೊಯ್ಲಿಗೆ ಮೊದಲು ಎರಡು ಭಾನುವಾರದ ತರಗತಿ ನಡೆಸಬಹುದು. ಮೊದಲ ಭಾನುವಾರ ಬ್ರೇಕು, ಎರಡನೆಯದು ಸ್ಟೇರಿಂಗು. ಬರುವವರು ತಮ್ಮ ಗಾಡಿಯನ್ನೇ ತರಲಿ, ಕಲಿಕೆಗೆ ಬೇರೆ ಸಾಮಗ್ರಿ ಬೇಕಿಲ್ಲ.

— ಹಳೇ ಜೀಪು ಬಳಕೆದಾರರು, ಸಕಲೇಶಪುರ ತಾಲ್ಲೂಕು