ಸಂಪಾದಕರ ಮಾತು: ಎಲ್ಲರೂ ದೋಸೆ ಕ್ಯೂನಲ್ಲಿದ್ದಾಗ

ಎಲ್ಲರಿಗೂ ನಮಸ್ಕಾರ.

ಈ ಸಲದ ಸಂಪಾದಕೀಯ ಯುಗಾದಿ ನಾಟಕದ ಬಗ್ಗೆ ಇರಬೇಕಿತ್ತು. ಅರ್ಧ ಬರೆದೂ ಆಗಿತ್ತು. ಅದನ್ನು ಪಕ್ಕಕ್ಕಿಟ್ಟು ರಾತ್ರಿ ಹನ್ನೊಂದರ ಮೇಲೆ ಇದನ್ನು ಬರೆಯುತ್ತಿದ್ದೇನೆ, ಬೆಳಿಗ್ಗೆ ಪುಟ ಜೋಡಿಸುವವರಿಗೆ ಕಳಿಸಬೇಕು, ಕಾಗುಣಿತ ಅಲ್ಲಲ್ಲಿ ಜಾರಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕಾರಣ ನನ್ನ ಮಗಳು. ಹೋದ ಶನಿವಾರ ಇಲ್ಲಿ ಅರಿಜೋನಾದ ನಮ್ಮ ಕನ್ನಡ ಬಳಗದವರೊಬ್ಬರ ಮನೆಯಲ್ಲಿ ಗ್ರಾಜುಯೇಷನ್ ಪಾರ್ಟಿ ಇತ್ತು. ಹಿತ್ತಲಲ್ಲಿ ಪೂಲ್, ಅದರ ಆಚೆ ಕಾವಲಿ, ಬಿಸಿಬಿಸಿ ಮಸಾಲೆ ದೋಸೆ. ಮನೆಗೆ ವಾಪಸ್ ಬರುವಾಗ ಹಿಂದಿನ ಸೀಟಿನಿಂದ ಅವಳು ಕೇಳಿದಳು: "ಅಮ್ಮಾ, ನಾವು ನೀರಲ್ಲಿ ಆಡ್ತಿದ್ದಾಗ ಅಲ್ಲಿ ದೊಡ್ಡೋರು ಯಾರೂ ಇರ್ಲಿಲ್ಲ ಅಲ್ವಾ? ಎಲ್ರೂ ದೋಸೆ ಕ್ಯೂನಲ್ಲಿ ಇದ್ರಿ."

ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಯೋಚನೆ ಮಾಡಿ ನೋಡಿದರೆ ಅವಳು ಹೇಳಿದ್ದು ನಿಜ. ಅಷ್ಟೊಂದು ಜನ ಅಪ್ಪ ಅಮ್ಮ, ಅಜ್ಜಿ ತಾತ, ಅಂಕಲ್ ಆಂಟಿ. ಪ್ರತಿಯೊಬ್ಬರಿಗೂ ಇನ್ನೊಬ್ಬರು ನೋಡುತ್ತಿದ್ದಾರೆ ಅನ್ನುವ ಧೈರ್ಯ. ಅಮೆರಿಕದಲ್ಲಿ 1ರಿಂದ 4 ವರ್ಷದ ಮಕ್ಕಳು ಬೇರೆ ಯಾವ ಕಾರಣಕ್ಕಿಂತಲೂ ಜಾಸ್ತಿ ಸಾಯುವುದು ನೀರಲ್ಲಿ ಮುಳುಗಿ. ಅದೂ ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬಡಿದು, ಕೂಗಾಡಿ ಅಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದ ಮಗುವಿಗೆ ಉಸಿರಾಡಲೇ ಆಗುವುದಿಲ್ಲ, ಇನ್ನು ಕೂಗುವುದೆಲ್ಲಿ. ಸದ್ದಿಲ್ಲದೆ ಕೆಳಗೆ ಹೋಗುತ್ತದೆ. ಪಕ್ಕದಲ್ಲೇ ಕೂತು ಫೋನ್ ನೋಡುತ್ತಿದ್ದವರಿಗೂ ಗೊತ್ತಾಗುವುದಿಲ್ಲ.

ಹಾಗಾದರೆ ಊರಲ್ಲಿ ನಾವೆಲ್ಲ ಹೇಗೆ ಈಜು ಕಲಿತೆವು ಅಂತ ಅವತ್ತು ರಾತ್ರಿ ಮಲಗಿಕೊಂಡು ನೆನೆಸಿಕೊಂಡೆ. ನಮ್ಮದು ಬಳ್ಳಾರಿ ಕಡೆ. ಅಲ್ಲಿಯ ಬಿಸಿಲಿನ ಬಗ್ಗೆ ನಿಮಗೆ ಹೇಳುವ ಅಗತ್ಯ ಇಲ್ಲ. ಏಪ್ರಿಲ್ ಹತ್ತಕ್ಕೆ ರಿಸಲ್ಟ್ ಬಂದಿತೋ ಇಲ್ಲವೋ, ಮಾರನೇ ದಿನ ಕೆಂಪು ಬಸ್ಸು ಹತ್ತಿ ಅಜ್ಜಿ ಮನೆ. ಅಲ್ಲಿ ತೋಟದಲ್ಲಿ ಕಲ್ಲು ಕಟ್ಟಿದ ಬಾವಿ, ಒಂದು ಪಕ್ಕ ಇಳಿಯಲು ಮೆಟ್ಟಿಲು, ಇನ್ನೊಂದು ಪಕ್ಕ ಪಂಪ್‌ಸೆಟ್ಟಿನ ಪೈಪು. ಒಣಗಿದ ಸೋರೆ ಬುರುಡೆಯನ್ನು ಬೆನ್ನಿಗೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಸೋದರಮಾವ ನಮ್ಮನ್ನು ಒಬ್ಬೊಬ್ಬರನ್ನಾಗಿ ನೀರಿಗೆ ಬಿಡುತ್ತಿದ್ದ. ಸ್ವಲ್ಪ ಪಳಗಿದ ಮೇಲೆ ಹಗ್ಗ ಹೋಯಿತು, ಆಮೇಲೆ ಬುರುಡೆ. ಆದರೆ ಮಾವ ಮಾತ್ರ ಎಲ್ಲೂ ಹೋಗಲಿಲ್ಲ. ತಲೆ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ನೀರಿಗೆ ಕಾಲು ತಾಗುವ ಮೆಟ್ಟಿಲಲ್ಲೇ ಕೂತಿರುತ್ತಿದ್ದ. ಯಾರಾದರೂ ಮೇಲಿಂದ ಮಾತಾಡಿಸಿದರೆ ಉತ್ತರ ಕೊಡುತ್ತಿದ್ದ, ತಿರುಗಿ ಮಾತ್ರ ನೋಡುತ್ತಿರಲಿಲ್ಲ.

ಅವನದೊಂದು ಪದ್ಧತಿ ಇತ್ತು. ನೀರಿಗಿಳಿಯುವ ಮೊದಲು ಎಲ್ಲ ಮಕ್ಕಳಿಗೂ ಒಂದೊಂದು ನಂಬರು. ಆಗಾಗ "ಲೆಕ್ಕ!" ಅಂತ ಕೂಗುತ್ತಿದ್ದ. ನಾವು ಎಲ್ಲಿದ್ದರೂ ಒಂದು, ಎರಡು, ಮೂರು ಅಂತ ಕೂಗಬೇಕು. ನಮಗೆ ಅದೊಂದು ಆಟ, ಬೇಕಂತಲೇ ಕೀರಲು ದನಿಯಲ್ಲಿ ಕೂಗುವುದು, ನಗುವುದು. ಒಂದು ಮಧ್ಯಾಹ್ನ ನಾಲ್ಕು ಆದ ಮೇಲೆ ಐದು ಬರಲಿಲ್ಲ. ಮಾವ ಇನ್ನೊಮ್ಮೆ ಕೂಗಲಿಲ್ಲ, ಕಾಯಲಿಲ್ಲ, ಪಂಚೆ ಟವೆಲ್ ಸಮೇತ ಧುಮುಕಿಬಿಟ್ಟ. ಬಾವಿಯ ತಳದವರೆಗೆ ಹೋಗಿ, ಮೇಲೆ ಬಂದು, ಉಸಿರೆಳೆದುಕೊಂಡು ಮತ್ತೆ ಮುಳುಗಿದ. ನಾವೆಲ್ಲ ಕಲ್ಲು ಹಿಡಿದುಕೊಂಡು ನಡುಗುತ್ತಾ ನಿಂತಿದ್ದೆವು. ಅಷ್ಟರಲ್ಲಿ ಮೇಲಿಂದ ದನಿ ಬಂತು: "ಐದು!" ನಮ್ಮ ಚಿಕ್ಕಮ್ಮನ ಮಗ, ಬಾವಿ ದಡದ ಮೇಲೆ, ಒಂದು ಕೈಯಲ್ಲಿ ಮಾವಿನಕಾಯಿ, ಇನ್ನೊಂದು ಕೈಯಲ್ಲಿ ಉಪ್ಪು ಖಾರದ ಪೊಟ್ಟಣ. ಯಾವಾಗ ಹತ್ತಿ ಹೋಗಿದ್ದನೋ. ಮಾವ ಹೊಡೆಯುತ್ತಾನೆ ಅಂದುಕೊಂಡೆವು, ಹೊಡೆಯಲಿಲ್ಲ. ಮೆಟ್ಟಿಲ ಮೇಲೆ ಕೂತು ಕೈಯಲ್ಲಿದ್ದ ಎಚ್‌ಎಂಟಿ ವಾಚ್ ಬಿಚ್ಚಿ ಅಲ್ಲಾಡಿಸಿದ, ಗಾಜಿನೊಳಗೆ ನೀರು. ಅದು ಮದುವೆಯಲ್ಲಿ ಕೊಟ್ಟ ವಾಚು, ಮತ್ತೆ ನಡೆಯಲಿಲ್ಲ. ಅಜ್ಜಿ ಎಷ್ಟು ಬೈದರೂ ಅವನದು ಒಂದೇ ಮಾತು, "ವಾಚ್ ಬಿಚ್ಚಿಟ್ಟು ಹಾರೋಕಾಗುತ್ತಾ?"

ಇಲ್ಲಿ ಇದೇ ಕೆಲಸಕ್ಕೆ ವಾಟರ್ ವಾಚರ್ ಅಂತ ಹೆಸರು. ಒಬ್ಬ ದೊಡ್ಡವರು, ಈಜು ಬರುವವರು, ಹದಿನೈದು ನಿಮಿಷ. ಆ ಹೊತ್ತಿನಲ್ಲಿ ಫೋನ್ ಇಲ್ಲ, ಬಿಯರ್ ಇಲ್ಲ, ಹರಟೆ ಇಲ್ಲ. ಆಮೇಲೆ ಬಾಯಿಬಿಟ್ಟು ಹೇಳಿ ಇನ್ನೊಬ್ಬರಿಗೆ ಒಪ್ಪಿಸುವುದು. ಹದಿನಾರು ವರ್ಷದ ಅಕ್ಕನಿಗೆ ಹೊರಿಸುವ ಕೆಲಸ ಇದಲ್ಲ. ಪುಟ್ಟ ಮಕ್ಕಳಾದರೆ ನೀವೂ ನೀರಲ್ಲಿರಬೇಕು, ಕೈಗೆ ಸಿಗುವಷ್ಟು ಹತ್ತಿರ. ತೋಳಿಗೆ ಹಾಕುವ ಗಾಳಿ ಚೀಲಗಳನ್ನು ನಂಬಬೇಡಿ, ಅವು ಆಟದ ಸಾಮಾನು. ಈಜುಡುಗೆ ಕೊಳ್ಳುವಾಗ ನೀಲಿ ಬೇಡ, ನೀರಿನಡಿ ಕಾಣಿಸುವುದೇ ಇಲ್ಲ, ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ ತನ್ನಿ.

ಮಕ್ಕಳು ಮುಳುಗುವುದು ಪಾರ್ಟಿಯಲ್ಲಿ ಮಾತ್ರ ಅಲ್ಲ. ಈಜುವ ಹೊತ್ತೇ ಅಲ್ಲದಾಗ, ಅಮ್ಮ ಒಗ್ಗರಣೆ ಹಾಕುತ್ತಿರುವಾಗ, ನಾಯಿ ಓಡಾಡಲು ಬಿಟ್ಟ ಕಿಂಡಿಯಲ್ಲಿ ನುಸುಳಿಕೊಂಡು ಹೋಗುತ್ತವೆ. ಆರು ವರ್ಷದೊಳಗಿನ ಮಕ್ಕಳಿರುವ ಮನೆಯ ಪೂಲ್‌ಗೆ ಕನಿಷ್ಠ 5 ಅಡಿ ಎತ್ತರದ ಬೇಲಿಯೋ ಗೋಡೆಯೋ ಇರಬೇಕು ಅನ್ನುವುದು ನಮ್ಮ ಅರಿಜೋನಾ ಕಾನೂನು. ಗೇಟು ತಾನಾಗಿ ಮುಚ್ಚಿ ತಾನಾಗಿ ಚಿಲಕ ಬೀಳುವಂಥದ್ದು ಇರಬೇಕು. ಇರುತ್ತದೆ ಕೂಡ, ಆದರೆ ಪಾರ್ಟಿ ದಿನ ಓಡಾಡಲು ಸಲೀಸು ಅಂತ ಅದಕ್ಕೊಂದು ಕುರ್ಚಿ ಅಡ್ಡ ಇಡುತ್ತೇವೆ, ಆಗ ಬೇಲಿ ಇದ್ದೂ ಏನು ಪ್ರಯೋಜನ? ಮಗು ಕಾಣಲಿಲ್ಲವಾ, ಮೊದಲು ಪೂಲ್ ನೋಡಿ, ಆಮೇಲೆ ಕಾರು, ಆಮೇಲೆ ಮಂಚದ ಕೆಳಗೆ ಹುಡುಕಿ.

ಕಾರು ಅಂದ ತಕ್ಷಣ ಇನ್ನೊಂದು. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಬಿಸಿ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಊರಿನ ಸೆಲ್ಸಿಯಸ್ ಲೆಕ್ಕದಲ್ಲಿ 43, ಮುಟ್ಟಿದ್ದು ಇಲ್ಲವೇ ದಾಟಿದ್ದು ಯಾರೂ ಮರೆತಿರುವುದಿಲ್ಲ. ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಹೊರಗಿಗಿಂತ ಸುಮಾರು 20 ಡಿಗ್ರಿ ಫ್ಯಾರನ್‌ಹೀಟ್ ಜಾಸ್ತಿಯಾಗುತ್ತದೆ, ಕಿಟಕಿ ಸ್ವಲ್ಪ ಇಳಿಸಿದರೂ ಅಷ್ಟೇ. ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. 1998ರಿಂದ ಈಚೆಗೆ ಈ ದೇಶದಲ್ಲಿ 900ಕ್ಕೂ ಹೆಚ್ಚು ಮಕ್ಕಳು ಹೀಗೆ ಬಿಸಿ ಕಾರಿನಲ್ಲಿ ತೀರಿಹೋಗಿದ್ದಾರೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮರೆತು ಬಿಟ್ಟು ಹೋಗಿದ್ದು. "ಮಗೂನ ಯಾರಾದ್ರೂ ಮರೀತಾರಾ" ಅಂತ ಮೂಗು ಮುರಿಯಬೇಡಿ. ದಿನಾ ಅಮ್ಮ ಬಿಡುವ ಮಗುವನ್ನು ಒಂದು ದಿನ ಅಪ್ಪ ಕರೆದುಕೊಂಡು ಹೊರಟಿರುತ್ತಾರೆ, ಹಿಂದೆ ಮಗು ನಿದ್ದೆ ಹೋಗಿರುತ್ತದೆ, ಕಾರು ರೂಢಿ ಬಿದ್ದ ದಾರಿಯಲ್ಲಿ ಸೀದಾ ಆಫೀಸಿಗೆ. ಎಡಗಾಲಿನ ಶೂ ಬಿಚ್ಚಿ ಹಿಂದಿನ ಸೀಟಿನಲ್ಲಿಡಿ, ಶೂ ಇಲ್ಲದೆ ಯಾರೂ ಆಫೀಸಿಗೆ ಹೋಗುವುದಿಲ್ಲ. ಮನೆ ಮುಂದೆ ನಿಂತಿದ್ದರೂ ಕಾರಿಗೆ ಬೀಗ ಇರಲಿ, ಆಡುತ್ತಾ ತಾವೇ ಹತ್ತಿ ಒಳಗೆ ಸಿಕ್ಕಿಕೊಂಡ ಮಕ್ಕಳೂ ಇದ್ದಾರೆ.

ಈಗ ಊರಿಂದ ಅಜ್ಜಿ ತಾತಂದಿರು ಬರುವ ಸೀಸನ್. ಎಷ್ಟು ಮನೆಯಲ್ಲಿ ಚಟ್ನಿಪುಡಿ, ಹಪ್ಪಳ ಬಂದಿಳಿದಿದೆಯೋ, ನಮ್ಮ ಮನೆಗೂ ಸ್ವಲ್ಪ ಕಳಿಸಿ. ಆದರೆ ಅವರಿಗೆ ಒಂದೆರಡು ವಿಷಯ ನಿಧಾನಕ್ಕೆ ಹೇಳಬೇಕು. ಊರಲ್ಲಿ ಸಂಜೆ ನಾಲ್ಕೂವರೆಗೆ ಕಾಫಿ ಕುಡಿದು ಮೊಮ್ಮಗುವನ್ನು ತಿರುಗಾಡಿಸಿಕೊಂಡು ಬರುವುದು ವಾಡಿಕೆ. ಇಲ್ಲಿ ದಿನದ ಅತಿ ಕೆಟ್ಟ ಬಿಸಿಲು ಅದೇ ಹೊತ್ತಿಗೆ. ಜೂನಿನಲ್ಲಿ ಐದೂ ಕಾಲಿನ ಸುಮಾರಿಗೆ ಬೆಳಗಾಗುತ್ತದೆ, ಅವರು ಹೇಗೂ ಎದ್ದಿರುತ್ತಾರೆ, ಪಾರ್ಕಿಗೆ ಆಗಲೇ ಹೋಗಿ ಬರಲಿ. ಜಾರುಬಂಡೆಯನ್ನು ಮೊದಲು ಅಂಗೈ ಹಿಂಭಾಗದಿಂದ ಮುಟ್ಟಿ ನೋಡಲಿ. ಬಿಸಿಲಲ್ಲಿ ಬಿದ್ದಿದ್ದ ಹಿತ್ತಲ ಪೈಪನ್ನು ತಿರುಗಿಸಿದರೆ ಮೊದಲು ಬರುವುದು ಕುದಿಯುವಂಥ ನೀರು, ಮಗುವಿನ ಮೈ ಸುಡುತ್ತದೆ, ಅದು ತಣ್ಣಗಾಗುವವರೆಗೆ ಗಿಡಕ್ಕೆ ಬಿಡಲಿ. ಇಲ್ಲಿ ಒಣ ಹವೆ, ಬೆವರು ಬಂದ ಹಾಗೇ ಆರಿಹೋಗುತ್ತದೆ, "ಬೆವರೇ ಇಲ್ವಲ್ಲ, ಸೆಖೆ ಏನಿಲ್ಲ" ಅನ್ನುವ ಲೆಕ್ಕ ನಡೆಯುವುದಿಲ್ಲ.

ಇನ್ನು ಎಳೆಗೂಸುಗಳ ವಿಷಯ. ಸೆಖೆ ಅಂತ ಒಂದೆರಡು ಚಮಚ ನೀರು ಕುಡಿಸುವುದು ಅಜ್ಜಿಯರ ಪ್ರೀತಿ. ಆರು ತಿಂಗಳೊಳಗಿನ ಮಗುವಿಗೆ ನೀರು ಬೇಡ, ಎಂಥ ಬೇಸಿಗೆ ಇದ್ದರೂ ಬೇಡ, ಎದೆಹಾಲನ್ನೋ ಡಬ್ಬಿ ಹಾಲನ್ನೋ ಇನ್ನೂ ಹೆಚ್ಚು ಸಲ ಕೊಡಿ. ನೀರು ಜಾಸ್ತಿಯಾದರೆ ರಕ್ತದಲ್ಲಿನ ಉಪ್ಪಿನಂಶ ಇಳಿದು ಮಗುವಿಗೆ ಫಿಟ್ಸ್ ಬರಬಹುದು. ಒಂದು ವರ್ಷ ಆಗುವವರೆಗೆ ಜೇನುತುಪ್ಪ ನೆಕ್ಕಿಸುವುದೂ ಬೇಡ. ಅತ್ತೆಯ ಹತ್ತಿರ ಇದನ್ನು ಸೊಸೆ ಹೇಳುವುದಕ್ಕಿಂತ ಮಗ ಹೇಳುವುದು ಒಳ್ಳೆಯದು, ಇದು ಸಂಪಾದಕರ ಸ್ವಂತ ಅಭಿಪ್ರಾಯ. ದೊಡ್ಡ ಮಕ್ಕಳಿಗೆ ಉಪ್ಪು ಹಾಕಿದ ನೀರು ಮಜ್ಜಿಗೆ, ಬೆಲ್ಲದ ಪಾನಕ ಎಲ್ಲ ಚೆನ್ನ. ಮಗು ಅತ್ತರೆ ಕಣ್ಣೀರು ಬರುತ್ತಿಲ್ಲ, ಆರು ಗಂಟೆಯಿಂದ ಡಯಾಪರ್ ಒದ್ದೆಯಾಗಿಲ್ಲ, ನೆತ್ತಿ ಕುಳಿ ಬಿದ್ದಿದೆ ಅಂದರೆ ಡಾಕ್ಟರಿಗೆ ಫೋನ್ ಮಾಡಿ. ಮೈ ಕೆಂಡ ಆಗಿ, ಕರೆದರೆ ಸರಿಯಾಗಿ ಓಗೊಡದೆ ಮಂಕಾಗಿದ್ದರೆ ಕಾಯಬೇಡಿ, ತುರ್ತು ನಂಬರು 911ಕ್ಕೆ ಫೋನ್ ಮಾಡಿ, ಅವರು ಬರುವವರೆಗೆ ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿಯಿರಿ. ಮನೆ ವಿಳಾಸವನ್ನು ದೊಡ್ಡಕ್ಷರದಲ್ಲಿ, ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ, ಫ್ರಿಜ್ ಮೇಲೆ ಅಂಟಿಸಿ.

ಚೇಳಿನ ಬಗ್ಗೆಯೂ ಬರೆಯಬೇಕಿತ್ತು, ಜಾಗ ಇಲ್ಲ. ಮಕ್ಕಳ ಶೂ ಕೊಡವಿ ಹಾಕಿ. ಕಚ್ಚಿದರೆ ಪಾಯ್ಸನ್ ಕಂಟ್ರೋಲ್ (ವಿಷದ ಸಹಾಯವಾಣಿ) ನಂಬರು 1-800-222-1222, ಹಗಲೂ ರಾತ್ರಿ ಇರುತ್ತಾರೆ.

ಈಗ ಪ್ರಕಟಣೆಗಳು, ಓದದೆ ಆಮೇಲೆ ವಾಟ್ಸಾಪಲ್ಲಿ ಕೇಳಬೇಡಿ! ಬೇಸಿಗೆ ಪಿಕ್ನಿಕ್ ಜೂನ್ ಎರಡನೇ ಭಾನುವಾರ, ಈ ಸಲ ಊರೊಳಗಲ್ಲ, ಫ್ಲ್ಯಾಗ್‌ಸ್ಟಾಫ್ ಕಡೆ ಕೆರೆ ಪಕ್ಕದ ಪಾರ್ಕ್, 7,000 ಅಡಿ ಎತ್ತರ, ಸ್ವಲ್ಪ ಉಸಿರಾಡಬಹುದು. ಮಕ್ಕಳಿಗೆ ಲೈಫ್ ಜಾಕೆಟ್ ನಿಮ್ಮದೇ ತನ್ನಿ. ಅಡುಗೆ ಸಮಿತಿಯಿಂದ ಸೂಚನೆ: ಮೊಸರನ್ನ, ಕಾಯಿ ಹಾಕಿದ ಕೋಸಂಬರಿ ತರುವವರು ಐಸ್ ಪೆಟ್ಟಿಗೆಯಲ್ಲೇ ತನ್ನಿ, 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜಾಗದಲ್ಲಿ ಒಂದು ಗಂಟೆಗಿಂತ ಜಾಸ್ತಿ ಹೊರಗಿಟ್ಟಿದ್ದನ್ನು ಬಡಿಸುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಕನ್ನಡ ಶಾಲೆಗೆ ಜುಲೈ ಕೊನೆಯವರೆಗೆ ರಜೆ. ಗಣೇಶ ಹಬ್ಬದ ಕುಣಿತಕ್ಕೆ ಮಕ್ಕಳ ಹೆಸರು ಈಗಲೇ ಕೊಡಿ. ವಿಸರ್ಜನೆ ಈ ಸಲ ದೊಡ್ಡ ಟಬ್ಬಿನಲ್ಲಿ, ಯಾರ ಮನೆ ಪೂಲಿನಲ್ಲೂ ಅಲ್ಲ, ಇದು ಸಮಿತಿಯ ತೀರ್ಮಾನ.

ನಮ್ಮಲ್ಲಿ ಇಷ್ಟೊಂದು ಡಾಕ್ಟರುಗಳು, ನರ್ಸುಗಳು ಇದ್ದೀರಿ. ಯಾರಾದರೂ ಇಬ್ಬರು ಒಂದು ಶನಿವಾರ ಸಿಪಿಆರ್ (ಉಸಿರು, ಎದೆಬಡಿತ ನಿಂತವರಿಗೆ ಮಾಡುವ ಪ್ರಥಮ ಚಿಕಿತ್ಸೆ) ಹೇಳಿಕೊಡಲು ಬನ್ನಿ, ದಯವಿಟ್ಟು. ಮುಳುಗಿದ ಮಗುವಿಗೆ ಎದೆ ಒತ್ತಿದರೆ ಮಾತ್ರ ಸಾಲದು, ಬಾಯಿಗೆ ಉಸಿರನ್ನೂ ಕೊಡಬೇಕು, ಅದನ್ನು ಬೊಂಬೆಯ ಮೇಲೆ ಮಾಡಿ ಕಲಿತರೇ ಕೈಗೆ ಬರುವುದು. ಇನ್ನೊಂದು ಸ್ವಂತ ಗೋಳು. ನನ್ನ ಜೊತೆ ಕರಡು ತಿದ್ದುತ್ತಿದ್ದವರು ಸಂಸಾರ ಸಮೇತ ಮೈಸೂರಿಗೆ ವಾಪಸ್ ಹೋದರು, ಅಲ್ಲಿಂದ ದಸರಾ ಫೋಟೋ ಕಳಿಸಿ ಹೊಟ್ಟೆ ಉರಿಸುತ್ತಾರೆ. ಅವರ ಜಾಗ ಖಾಲಿ ಇದೆ. ಸಂಬಳ ಇಲ್ಲ, ಬೈಗುಳ ಇದೆ, ಬರುವವರು ಬನ್ನಿ. ಅದೂ ಆಗದಿದ್ದರೆ ಲೇಖನವನ್ನು ಹಳೆಯ ನುಡಿ ತಂತ್ರಾಂಶದ ಅಕ್ಷರದಲ್ಲಿ ಕಳಿಸದೆ ಯೂನಿಕೋಡ್‌ನಲ್ಲಾದರೂ ಕಳಿಸಿ.

ಪಿಕ್ನಿಕ್ ದಿನ ಕೆರೆ ದಡದಲ್ಲಿ ನಿಲ್ಲುವವರ ಪಟ್ಟಿಯನ್ನು ಊಟದ ಮೇಜಿನ ಮೇಲೆ ಇಟ್ಟಿರುತ್ತೇನೆ. ಹದಿನೈದು ನಿಮಿಷಕ್ಕೊಂದು ಹೆಸರು, ತಟ್ಟೆ ಹಿಡಿಯುವ ಮೊದಲು ಬರೆಯಿರಿ. ಪೆನ್ನನ್ನು ದಾರದಲ್ಲಿ ಕಟ್ಟಿರುತ್ತೇನೆ, ಹೋದ ಸಲ ಇಟ್ಟ ಪೆನ್ನು ಒಂದೂ ವಾಪಸ್ ಬರಲಿಲ್ಲ.